ಬಾಡಿಗೆ ಮನೆಗೆ ಯಾವ ಕಮೋಡ್? ಮೂರು ಬಗೆ ಹಾಕಿಸಿ ನೋಡಿದೆ

ನಾನು ಬಾಡಿಗೆಗೆ ಕೊಟ್ಟಿರುವ ಮನೆಗಳು ಮೂರು. ಮೂರರಲ್ಲೂ ಮೂರು ಬಗೆಯ ಕಮೋಡ್. ಬೇಕಂತಲೇ ಪ್ರಯೋಗ ಮಾಡಿದ್ದಲ್ಲ, ಒಂದೊಂದು ಸಲ ಒಂದೊಂದಕ್ಕೆ ಮನಸೋತೆ, ಅಷ್ಟೇ. ಆರು ವರ್ಷ ಆಯಿತು. ಯಾವ ಮನೆಗೆ ಎಷ್ಟು ಸಲ ಪ್ಲಂಬರ್ ಹೋದ, ಯಾಕೆ ಹೋದ ಅನ್ನುವ ಲೆಕ್ಕ ಈಗ ನನ್ನ ಹತ್ತಿರ ಇದೆ.

ಮೊದಲ ಮನೆಗೆ ಒನ್ ಪೀಸ್. ಟ್ಯಾಂಕು, ಬೌಲು ಎಲ್ಲ ಸೇರಿ ಒಂದೇ ಪಿಂಗಾಣಿ. ಎರಡನೇ ಮನೆಗೆ ಟೂ ಪೀಸ್, ಅಂದರೆ ಬೌಲ್ ಬೇರೆ, ಅದರ ಮೇಲೆ ಬೋಲ್ಟ್ ಹಾಕಿ ಕೂರಿಸುವ ಟ್ಯಾಂಕ್ ಬೇರೆ. ಮೂರನೆಯದು ಗೋಡೆಗೆ ನೇತುಹಾಕುವಂಥದ್ದು, ಟ್ಯಾಂಕ್ ಗೋಡೆಯೊಳಗೆ. ಅಗ್ಗದ್ದು ಟೂ ಪೀಸ್. ಗೋಡೆಯದಕ್ಕೆ ಫ್ರೇಮು, ಗೋಡೆ ಒಡೆಯುವ ಕೂಲಿ ಎಲ್ಲ ಸೇರಿ ಅದರ ಮೂರು ಪಟ್ಟು ದಾಟಿತು.

ನೋಡಲು ಒನ್ ಪೀಸ್ ಚಂದ. ಟ್ಯಾಂಕಿಗೂ ಬೌಲಿಗೂ ನಡುವೆ ಸಂದಿ ಇಲ್ಲ, ಕೊಳೆ ಕೂರುವುದಿಲ್ಲ, ಒಂದು ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು. ನಾನು ತಂದದ್ದು ಸೈಫನ್ ಬಗೆಯದು. ಬೌಲಿನಿಂದ ಹೊರಹೋಗುವ ಒಳಗಿನ ತಿರುವು ದಾರಿ ಉದ್ದ, ಸಣ್ಣ, ಸುಮಾರು 5 ಸೆಂಟಿಮೀಟರ್ ಅಗಲ. ನೀರು ತುಂಬಿಕೊಂಡು ಎಲ್ಲವನ್ನೂ ಎಳೆದುಕೊಂಡು ಹೋಗುತ್ತದೆ. ಬೌಲಿನಲ್ಲಿ ನೀರು ಅಗಲಕ್ಕೆ ನಿಲ್ಲುವುದರಿಂದ ಕಲೆ ಕಡಿಮೆ, ಸದ್ದೂ ಕಡಿಮೆ.

ಆದರೆ ಕಟ್ಟಿಕೊಳ್ಳುವುದೂ ಇದೇ! ಒದ್ದೆ ಒರೆಸುಹಾಳೆ ಹಾಕಿದರು, ಕಟ್ಟಿತು. ಮಗು ಒಂದು ಸಣ್ಣ ಮುಚ್ಚಳ ಬೀಳಿಸಿತು, ಕಟ್ಟಿತು. ಪ್ಯಾಕೆಟ್ ಮೇಲೆ ಏನೇ ಬರೆದಿರಲಿ, ಆ ಹಾಳೆ ಟಿಶ್ಯೂ ತರಹ ನೀರಿನಲ್ಲಿ ಕರಗುವುದಿಲ್ಲ. ನನ್ನ ಟೂ ಪೀಸ್ ವಾಶ್ ಡೌನ್ ಬಗೆಯದು. ಅಲ್ಲಿ ತಿರುವು ಗಿಡ್ಡ, ದಪ್ಪ. ನೀರಿನ ಭಾರವೇ ಎಲ್ಲವನ್ನೂ ನೂಕುತ್ತದೆ. ಆರು ವರ್ಷದಲ್ಲಿ ಒಂದು ಸಲವೂ ಕಟ್ಟಿಲ್ಲ. ಬೌಲಿನ ಒಣ ಭಾಗದಲ್ಲಿ ಕಲೆ ಅಂಟುತ್ತದೆ, ಬ್ರಶ್ ಬೇಕೇ ಬೇಕು. ಬಾಡಿಗೆಗೆ ಬಂದವರು ಬ್ರಶ್ ಹಿಡಿಯಲು ಬೇಜಾರು ಮಾಡಿಕೊಂಡರೂ ಪರವಾಗಿಲ್ಲ, ರಾತ್ರಿ ಹನ್ನೊಂದಕ್ಕೆ ನನಗೆ ಫೋನ್ ಮಾಡುವುದಿಲ್ಲ.

ಕೊಳ್ಳುವ ಮೊದಲು ನಾನು ಮ್ಯಾಪ್ ಅಂಕಗಳನ್ನು ತುಂಬ ತಲೆಗೆ ಹಚ್ಚಿಕೊಂಡಿದ್ದೆ. ಉತ್ತರ ಅಮೆರಿಕದಲ್ಲಿ 2003ರಲ್ಲಿ ಶುರುವಾದ ಪರೀಕ್ಷೆ ಅದು. ಸೋಯಾಬೀನ್ ಪೇಸ್ಟಿನ ಉಂಡೆ ಹಾಕಿ, ಒಂದೇ ಫ್ಲಶ್‌ನಲ್ಲಿ ಎಷ್ಟು ಗ್ರಾಂ ಹೋಗುತ್ತದೆ ಎಂದು ಅಳೆಯುತ್ತಾರೆ. ಗರಿಷ್ಠ 1000 ಗ್ರಾಂ. ಅಲ್ಲಿನ ನೀರು ಉಳಿತಾಯದ ಮುದ್ರೆ, ವಾಟರ್‌ಸೆನ್ಸ್, ಕೇಳುವುದು 350 ಗ್ರಾಂ ಮಾತ್ರ. ಅದೂ 4.8 ಲೀಟರ್ ನೀರಿನೊಳಗೆ. ದೊಡ್ಡ ಅಂಕ ಒಳ್ಳೆಯದೇ. ಆದರೆ ಒದ್ದೆ ಹಾಳೆಗೆ, ಮುಚ್ಚಳಕ್ಕೆ ಅಂಕ ಕೊಡುವವರು ಯಾರು? ನನ್ನ ತೊಂದರೆಗಳಲ್ಲಿ ಒಂದೂ ಆ ಪರೀಕ್ಷೆಯಲ್ಲಿ ಇರಲಿಲ್ಲ.

ನಿಜವಾದ ತೊಂದರೆ ಇದ್ದದ್ದು ಟ್ಯಾಂಕಿನೊಳಗೆ. ಒನ್ ಪೀಸ್ ಮನೆಯ ನೀರಿನ ಬಿಲ್ ಯಾಕೋ ಏರುತ್ತಿತ್ತು. ಎಲ್ಲೂ ಒದ್ದೆ ಇಲ್ಲ, ಸದ್ದೂ ಇಲ್ಲ. ಒಂದು ದಿನ ಹೋಗಿ ಟ್ಯಾಂಕಿಗೆ ನೀರು ಬಿಡುವ ಆಂಗಲ್ ಕಾಕ್ ಮುಚ್ಚಿದೆ. ಟ್ಯಾಂಕಿನೊಳಗೆ ನೀರು ಇರುವಲ್ಲಿ ಪೆನ್ಸಿಲ್ ಗೆರೆ ಹಾಕಿದೆ. ಒಂದು ಗಂಟೆ ಬಿಟ್ಟು ನೋಡಿದರೆ 4 ಸೆಂಟಿಮೀಟರ್ ಇಳಿದಿತ್ತು. ಟ್ಯಾಂಕ್ ಒಳಗಡೆ 40 ಸೆಂಟಿಮೀಟರ್ ಉದ್ದ, 15 ಸೆಂಟಿಮೀಟರ್ ಅಗಲ. ಅಂದರೆ ಗಂಟೆಗೆ 2.4 ಲೀಟರ್, ದಿನಕ್ಕೆ ಹತ್ತಿರ ಹತ್ತಿರ 58 ಲೀಟರ್! 6 ಲೀಟರ್ ಬಿಡುವ ದೊಡ್ಡ ಫ್ಲಶ್ ಗುಂಡಿಯನ್ನು ಹೆಚ್ಚುಕಡಿಮೆ ಹತ್ತು ಸಲ ಸುಮ್ನೆ ಒತ್ತಿದ ಹಾಗೆ. ಅಂಥ ಸೋರಿಕೆಯ ಮುಂದೆ 3 ಲೀಟರಿನ ಸಣ್ಣ ಗುಂಡಿಯ ಉಳಿತಾಯ ಯಾವ ಲೆಕ್ಕ?

ಫ್ಲಶ್ ವಾಲ್ವಿನ ಕೆಳಗಿನ ರಬ್ಬರ್ ವಾಷರ್ ಹಾಳಾಗಿ ನೀರು ಬೌಲಿಗೆ ಇಳಿಯುತ್ತಿತ್ತು. ಬಾಡಿಗೆಯವರು ಟ್ಯಾಂಕಿನೊಳಗೆ ಕ್ಲೋರಿನ್ ಗುಳಿಗೆ ಹಾಕುತ್ತಿದ್ದರು, ಅದು ರಬ್ಬರನ್ನು ತಿಂದುಬಿಡುತ್ತದೆ. ಇಷ್ಟೇ ಆಗಿದ್ದರೆ ನಾನು ದೂರುತ್ತಿರಲಿಲ್ಲ. ಆ ಗಿಡ್ಡ ಟ್ಯಾಂಕಿನ ವಾಲ್ವ್ ಆ ಕಂಪನಿಯದೇ ಆಗಬೇಕು, ವಾಷರ್ ಕೂಡ. ತರಿಸಲು ಮೂರು ವಾರ ಹಿಡಿಯಿತು. ಮೂರು ವಾರ ಆ ಮನೆಯವರು ಬಕೆಟ್‌ನಲ್ಲಿ ನೀರು ಸುರಿದರು. ಟೂ ಪೀಸ್ ಮನೆಯಲ್ಲೂ ವಾಷರ್ ಹೋಯಿತು. ಬಾಡಿಗೆಯವರೇ ಪಕ್ಕದ ಹಾರ್ಡ್‌ವೇರ್ ಅಂಗಡಿಯಿಂದ ತಂದು, ಅರ್ಧ ಗಂಟೆಯಲ್ಲಿ ಹಾಕಿ, ನನಗೆ ಬಿಲ್ ಕಳಿಸಿದರು. ನನ್ನ ಮಟ್ಟಿಗೆ ಹೋಲಿಕೆ ಅಲ್ಲಿಗೇ ಮುಗಿಯಿತು.

ಟೂ ಪೀಸ್‌ಗೂ ಒಂದು ಹುಳುಕು ಇದೆ. ಟ್ಯಾಂಕಿಗೂ ಬೌಲಿಗೂ ನಡುವಿನ ಗ್ಯಾಸ್ಕೆಟ್ಟು, ಬೋಲ್ಟುಗಳ ಹತ್ತಿರ ನೀರು ಜಿನುಗಬಹುದು. ನಮ್ಮಲ್ಲಿ ಒಂದು ಸಲ ಜಿನುಗಿತು. ಆದರೆ ನೆಲದ ಮೇಲೇ ತೊಟ್ಟಿಕ್ಕುತ್ತದೆ, ಕಣ್ಣಿಗೆ ಬೀಳುತ್ತದೆ. ಬೋಲ್ಟನ್ನು ಎರಡೂ ಕಡೆ ಸಮವಾಗಿ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಬೇಕು. ಒಂದೇ ಕಡೆ ಜೋರು ಮಾಡಿದರೆ ಪಿಂಗಾಣಿ ಬಿರುಕು ಬಿಡುತ್ತದೆ.

ಗೋಡೆಯದರಲ್ಲಿ ತೊಟ್ಟಿಕ್ಕುವುದು ಕಾಣುವುದೇ ಇಲ್ಲ. ನೆಲ ಒರೆಸಲು ಅದರಷ್ಟು ಸುಲಭ ಬೇರೆ ಇಲ್ಲ, ಒಪ್ಪಿದೆ. ಕಿತ್ತು ಬೀಳುತ್ತದೆ ಅನ್ನುವ ಹೆದರಿಕೆಯೂ ಬೇಡ. ಯುರೋಪಿನ ಇಎನ್ 997 ಮಾನದಂಡದಲ್ಲಿ ಇವನ್ನು 400 ಕಿಲೋ ಭಾರ ಹೇರಿ ಪರೀಕ್ಷಿಸುತ್ತಾರೆ. ನನಗೆ ಕಷ್ಟ ಕೊಟ್ಟದ್ದು ಗೋಡೆಯೊಳಗಿನ ಒಂದು ಸಣ್ಣ ಜೋಡಣೆ. ಪಕ್ಕದ ಕೋಣೆಯ ಗೋಡೆಯ ಬಣ್ಣ ಉಬ್ಬಿ ಉದುರಿದಾಗಲೇ ಗೊತ್ತಾದದ್ದು. ಫ್ಲಶ್ ಪ್ಲೇಟ್ ತೆಗೆದ ಕಿಂಡಿಯಲ್ಲಿ ಕೈ ತೂರಿಸಿ ಕೆಲಸ ಮಾಡಬೇಕು. ಮೊದಲು ಬಂದ ಪ್ಲಂಬರ್ ನೋಡಿ, ಕೈ ಎತ್ತಿ, ಹೊರಟುಹೋದ. ಸ್ವಂತ ಮನೆಗೆ ಇದನ್ನು ಹಾಕಿಸಿಕೊಂಡೇನು. ಬಾಡಿಗೆ ಮನೆಗೆ ಇನ್ನೊಮ್ಮೆ ಹಾಕಿಸುವುದಿಲ್ಲ.

ಸೀಟಿನ ವಿಷಯ ಬೇಗ ಮುಗಿಸುತ್ತೇನೆ. ಮೂರೂ ಮನೆಗಳಲ್ಲಿ ಮೊದಲು ಮುರಿದದ್ದು ಅದೇ. ಚೌಕದ್ದು, ವಿಚಿತ್ರ ಆಕಾರದ್ದು ತಂದರೆ ಆಮೇಲೆ ಅಳತೆಗೆ ಸರಿಯಾದದ್ದು ಸಿಗುವುದಿಲ್ಲ. ಮಾಮೂಲಿ ಮೊಟ್ಟೆಯಾಕಾರವೇ ವಾಸಿ.

ಅಳತೆಯಲ್ಲಿ ನಾನು ಒಂದು ದಡ್ಡತನ ಮಾಡಿದೆ. ಗೋಡೆಯಿಂದ ನೆಲದ ರಂಧ್ರದ ನಡುಮಧ್ಯಕ್ಕೆ ಇರುವ ದೂರ ನೋಡಿ ಕಮೋಡ್ ಆರಿಸಬೇಕು. ನಾನು ಟೈಲ್ಸ್ ಹಾಕುವ ಮೊದಲೇ ಅಳೆದೆ. ಟೈಲ್ಸು, ಅದರ ಹಿಂದಿನ ಗಾರೆ ಸೇರಿ 2 ಸೆಂಟಿಮೀಟರ್ ನುಂಗಿತು. ಟ್ಯಾಂಕ್ ಗೋಡೆಗೆ ಒತ್ತಿಕೊಂಡಿತು. ಕಮೋಡ್ ವಾಪಸ್ ಕೊಟ್ಟು ಬೇರೆ ತರಬೇಕಾಯಿತು. ರಂಧ್ರ ಗೋಡೆಯಲ್ಲಿದ್ದರೆ ಪಿ ಟ್ರ್ಯಾಪ್, ನೆಲದಲ್ಲಿದ್ದರೆ ಎಸ್ ಟ್ರ್ಯಾಪ್. ಇದನ್ನಾದರೂ ಸರಿಯಾಗಿ ಕೇಳಿದ್ದೆ.

ಈಗ ಬಾಡಿಗೆಯವರು ಬದಲಾದಾಗಲೆಲ್ಲ ಟ್ಯಾಂಕಿಗೆ ನಾಲ್ಕು ಹನಿ ಅಡುಗೆ ಬಣ್ಣ ಹಾಕಿ, ಫ್ಲಶ್ ಮಾಡದೆ ಕಾಲು ಗಂಟೆ ಕಾಯುತ್ತೇನೆ. ಬೌಲಿನಲ್ಲಿ ಬಣ್ಣ ಕಂಡರೆ ವಾಷರ್ ಹೋಗಿದೆ ಎಂದೇ ಅರ್ಥ. ಒನ್ ಪೀಸ್‌ನ ಟ್ಯಾಂಕ್ ಮುಚ್ಚಳ ಹೋದ ತಿಂಗಳು ಬಿದ್ದು ಎರಡಾಯಿತು. ಬಿಡಿಯಾಗಿ ಮುಚ್ಚಳ ಸಿಗುವುದಿಲ್ಲವಂತೆ. ಸದ್ಯಕ್ಕೆ ಒಂದು ಹಲಗೆ ಮುಚ್ಚಿದ್ದೇನೆ. ಮನೆ ಖಾಲಿಯಾದ ದಿನ ಅಲ್ಲಿಗೂ ಟೂ ಪೀಸೇ. ಜೊತೆಗೆ ಎರಡು ವಾಷರ್ ಜಾಸ್ತಿ ತಂದು ಸಿಂಕಿನ ಕೆಳಗೆ ಚೀಲದಲ್ಲಿ ನೇತುಹಾಕುತ್ತೇನೆ.