ಶಿವಮೊಗ್ಗ ದುರ್ಗಿಗುಡಿಯ ಸ್ಕ್ಯಾನಿಂಗ್ ಕೇಂದ್ರ: ಹಳೆಯ ಸ್ಕ್ಯಾನಿನ ಸಿಡಿ ಕೇಳಿ ಪಡೆದು ನೋಡುತ್ತಾರೆ

ನಮ್ಮ ಯಜಮಾನರ ತೊಡೆಯಲ್ಲಿದ್ದ ಸಾರ್ಕೋಮಾ (ಸ್ನಾಯು, ಕೊಬ್ಬು, ಮೂಳೆಗಳಲ್ಲಿ ಹುಟ್ಟುವ ಒಂದು ಬಗೆಯ ಕ್ಯಾನ್ಸರ್) ಗಡ್ಡೆಗೆ ಬೆಂಗಳೂರಿನಲ್ಲಿ ಆಪರೇಷನ್, ಆಮೇಲೆ ರೇಡಿಯೇಷನ್ ಆಗಿದೆ. ತಪಾಸಣೆಯ ಎಂಆರ್‌ಐಗೆ ತೀರ್ಥಹಳ್ಳಿಯಿಂದ ಶಿವಮೊಗ್ಗವೇ ಹತ್ತಿರ. ಮೊದಲು ಹೋಗಿದ್ದ ಇನ್ನೊಂದು ಕಡೆ ಚಿಕಿತ್ಸೆಯ ವಿಚಾರ ಏನೂ ಕೇಳದೆ, ‘ಗಡ್ಡೆ ಮರುಕಳಿಸಿರುವ ಶಂಕೆ’ ಎಂದು ಬರೆದುಕೊಟ್ಟಿದ್ದರು. ಆ ಒಂದು ಸಾಲಿಗೆ ಮನೆಯಲ್ಲಿ ಯಾರಿಗೂ ಅನ್ನ ಇಳಿಯಲಿಲ್ಲ.

ದುರ್ಗಿಗುಡಿಯ ಈ ಕೇಂದ್ರದಲ್ಲಿ ಸ್ಕ್ಯಾನಿಗೆ ಮೊದಲೇ ರೇಡಿಯೇಷನ್ ಮುಗಿದ ದಿನಾಂಕ, ಆಪರೇಷನ್ ಟಿಪ್ಪಣಿ, ಹಳೆಯ ಸಿಡಿ ಎಲ್ಲವನ್ನೂ ಕೇಳಿ ಪಡೆದರು. ತಂತ್ರಜ್ಞರು ಹೊಲಿಗೆಯ ಕಲೆಯ ಎರಡೂ ತುದಿಗೆ ಒಂದೊಂದು ವಿಟಮಿನ್ ಇ ಗುಳಿಗೆ ಇಟ್ಟು ಟೇಪ್ ಅಂಟಿಸಿದರು. ಚಿತ್ರದಲ್ಲಿ ಅದು ಬೆಳ್ಳಗೆ ಕಾಣುವುದರಿಂದ ಆಪರೇಷನ್ ಆದ ಜಾಗ ತಪ್ಪುವುದಿಲ್ಲವಂತೆ. ಮೂತ್ರಪಿಂಡ ಹೇಗಿದೆ ಎಂದು ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆಯ ವರದಿ ನೋಡಿದ ಮೇಲೆಯೇ, ಚಿತ್ರ ಸ್ಪಷ್ಟವಾಗಿ ಕಾಣಲು ಕೊಡುವ ಕಾಂಟ್ರಾಸ್ಟ್ ಔಷಧಿ ಚುಚ್ಚಿದರು.

ವೈದ್ಯೆ ನಮ್ಮನ್ನು ಒಳಗೆ ಕರೆದು ಹಳೆಯ ಚಿತ್ರ, ಹೊಸ ಚಿತ್ರ ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಿದರು. ಸ್ನಾಯುವಿನ ಉದ್ದಕ್ಕೂ ಬಿಳುಪು ಹರಡಿತ್ತು, ಆದರೆ ಒಂದು ಮಟ್ಟದಲ್ಲಿ ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ ನಿಂತುಬಿಟ್ಟಿತ್ತು. “ನೋಡಿ ಅಮ್ಮಾ, ಕಿರಣ ಬಿದ್ದದ್ದು ಇಲ್ಲಿಯವರೆಗೆ. ಇದು ಊತ, ಒಳಗೆ ಗಂಟಿಲ್ಲ. ಗಡ್ಡೆಯಾದರೆ ಸ್ನಾಯುವಿನ ಎಳೆಗಳನ್ನು ಪಕ್ಕಕ್ಕೆ ತಳ್ಳುತ್ತದೆ” ಎಂದರು. ಈ ಊತ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷದಾಚೆಗೂ ಇರುತ್ತದೆಯಂತೆ. ಆಪರೇಷನ್ ಜಾಗದಲ್ಲಿ ನಿಂತಿದ್ದ ನೀರಿನ ಅಂಚು ಮಾತ್ರ ಕಾಂಟ್ರಾಸ್ಟಿಗೆ ತೆಳುವಾಗಿ ಹೊಳೆಯುತ್ತಿತ್ತು, ನಡುವೆ ಏನೂ ಹೊಳೆಯಲಿಲ್ಲ, ಅಂದರೆ ಅಲ್ಲೂ ಗಂಟು ಕಾಣಲಿಲ್ಲ. ತೊಡೆಮೂಳೆಯ ಮಜ್ಜೆ ಕೊಬ್ಬಾಗಿರುವುದೂ ಕಿರಣದ ಗುರುತೇ.

ಆಪರೇಷನ್‌ಗೆ ಮೊದಲೇ ರೇಡಿಯೇಷನ್ ಕೊಟ್ಟವರಲ್ಲಿ ಗಡ್ಡೆ ಒಳಗೊಳಗೇ ಸತ್ತು, ರಕ್ತ ಸೋರಿ, ದೊಡ್ಡದಾಗಿ ಕಾಣುವುದೂ ಉಂಟಂತೆ. ಬರೀ ಅಳತೆ ನೋಡಿ ಚಿಕಿತ್ಸೆ ಫಲಿಸಲಿಲ್ಲ ಎಂದು ಬರೆಯುವವರ ಮೇಲೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ಹಾಗೆಂದು ಈ ವೈದ್ಯೆ ಸುಳ್ಳು ಧೈರ್ಯ ಹೇಳಲಿಲ್ಲ. ‘ಚಿಕಿತ್ಸೆಯ ಪರಿಣಾಮವೇ ಇರಬಹುದು, ಮೂರು ತಿಂಗಳ ನಂತರ ಹೋಲಿಸಿ ನೋಡಬೇಕು’ ಎಂದೇ ಬರೆದರು. ಸಾರ್ಕೋಮಾ ಶ್ವಾಸಕೋಶಕ್ಕೆ ಹರಡುವುದು ಹೆಚ್ಚು, ಎದೆಯ ಸಿಟಿ ಸ್ಕ್ಯಾನ್ ತಪ್ಪಿಸಬೇಡಿ ಎಂದು ನೆನಪಿಸಿದರು.

ಐದರಲ್ಲಿ ನಾಲ್ಕು ನಕ್ಷತ್ರ ಕೊಡುತ್ತೇನೆ. ಬಟ್ಟೆ ಬದಲಿಸುವ ಕೋಣೆಯಲ್ಲಿ ಹಿಡಿದುಕೊಳ್ಳಲು ಕಂಬಿಯಿಲ್ಲ, ಕಾಲು ಮಡಚಲಾಗದವರಿಗೆ ಬಹಳ ಕಷ್ಟ. ವರದಿ ಸಂಜೆಯ ಹೊತ್ತಿಗೆ ಸಿಗುತ್ತದೆ, ದೂರದ ಊರಿನವರು ಬೆಳಗಿನ ಮೊದಲ ಸರದಿಯನ್ನೇ ಕೇಳಿ.