61 ದಿನದ ಗುಜ್ಜರಕೆರೆ ಫೋಟೋ ಪ್ರಿಂಟ್ ಹಾಕ್ಸಿದ ಕಥೆ, ಲ್ಯಾಬಿಗೆ ನನ್ನ ಮಾರ್ಕು ಐದ್ರಲ್ಲಿ ಮೂರೂವರೆ

ಕವರ್ ಬಿಚ್ಚಿ ಮೊದ್ಲ ಫೋಟೋ ನೋಡಿದ್ದೇ, ಇದು ಯಾವ ಊರಿನ ಕೆರೆ ಮಾರಾಯ್ರೆ ಅಂತ ಆಯ್ತು ನಂಗೆ. ಮಂಗಳೂರಿನ ಈ ಗುಜ್ಜರಕೆರೆ ನಮ್ಮ ಮನೆಯಿಂದ ನಡ್ಕೊಂಡು ಹೋದ್ರೆ ಎರಡು ನಿಮಿಷ, ಈ ಬೇಸಿಗೆಯಲ್ಲಿ ಅದ್ರ ನೀರು ಹೇಗಿತ್ತು ಅಂತ ಕಣ್ಣು ಮುಚ್ಚಿದ್ರೂ ಕಾಣ್ತದೆ, ತಿಮರೆ ಚಟ್ನಿ ಕಲಸಿದ ಹಾಗೆ ದಪ್ಪ ಹಸಿರು. ಪ್ರಿಂಟಲ್ಲಿ ಅದು ಬೂದಿ. ದಂಡೆಯಲ್ಲಿ ಕೂತ ಮಕ್ಕಳ ಮುಖ ಗುಲಾಬಿ, ಸ್ಕೂಲ್ ಡೇಗೆ ಪೌಡರ್ ಮೆತ್ತಿ ಸ್ಟೇಜಿಗೆ ಹತ್ಸಿದ ಹಾಗೆ.

ಲ್ಯಾಬ್ ಇರುದು ಹಂಪನಕಟ್ಟೆ ಕಡೆ. ಹೆಸರು ಹಾಕುದಿಲ್ಲ, ಯಾಕಂದ್ರೆ ಈ ಕಥೆ ಯಾವ ಲ್ಯಾಬಲ್ಲಿ ಬೇಕಾದ್ರೂ ಆಗ್ಬಹುದು, ಮತ್ತೆ ಇವ್ರು ಕೊನೆಗೆ ಸರಿ ಮಾಡಿಕೊಟ್ಟದ್ದೂ ಉಂಟು.

ಮೊದ್ಲು ಈ 61 ಎಂತದ್ದು ಅಂತ ಹೇಳ್ತೇನೆ. ನಮ್ಮೂರಲ್ಲಿ ಮಳೆಗಾಲದ ಫೋಟೋ ಎಲ್ಲರ ಫೋನಲ್ಲೂ ರಾಶಿ ಉಂಟು, ಹಸಿರು ಗದ್ದೆ, ಕೊಡೆ, ಪಾಚಿ ಹಿಡಿದ ಕಂಪೌಂಡು, ಬೇಸಿಗೆದು ಯಾರೂ ತೆಗೆಯುದಿಲ್ಲ, ಬೆವರು ಒರೆಸುದ್ರಲ್ಲೇ ಎರಡು ತಿಂಗಳು ಹೋಗ್ತದೆ. ಹಾಗೆ ಏಪ್ರಿಲ್ 1ರಿಂದ ಮೇ 31ರವರೆಗೆ ದಿನಕ್ಕೊಂದೇ ಫೋಟೋ, ಕೆರೆ ಸುತ್ತ ನಡೆಯುವ ದಾರಿ ಮತ್ತೆ ಅದಕ್ಕೆ ತಾಗಿದ ಓಣಿಗಳು ಅಷ್ಟರಲ್ಲೇ, ಬೇರೆ ಕಡೆ ಹೋಗ್ಲಿಕ್ಕಿಲ್ಲ ಅಂತ ನಾನೇ ರೂಲ್ ಮಾಡಿಕೊಂಡೆ. 30 ಮತ್ತು 31, ಒಟ್ಟು 61. ಆಮೇಲೆ ನೆನಪಾಯ್ತು, ಜೂನ್ 1ರಿಂದ ಜುಲೈ 31ರವರೆಗೆ ಬೋಟಿನವ್ರಿಗೆ ಮೀನು ಹಿಡಿಲಿಕ್ಕೆ ಬಂದ್ ಇರ್ತದಲ್ಲ, ಅದೂ ಸರಿಯಾಗಿ 61 ದಿನ. ನನ್ನ ರಜೆ ಶುರು ಆಗುವಾಗ ಅವ್ರದ್ದೂ ರಜೆ ಶುರು.

ಫೋನಲ್ಲೇ ತೆಗ್ದದ್ದು, ಕ್ಯಾಮೆರಾ ಎಲ್ಲ ಇಲ್ಲ. ಬೆಳಿಗ್ಗೆ ವಾಕಿಂಗಿಗೆ ಬರುವವ್ರು, ಹಾರ್ನ್ ಹೊಡ್ಕೊಂಡು ಸ್ಕೂಟರಲ್ಲಿ ಬೂತಾಯಿ ಬಂಗುಡೆ ತರುವವ, ಅವನ ಹಿಂದೆ ಎರಡು ಬೆಕ್ಕು, ಬಿಸು ದಿನ ಹೊಸ ಅಂಗಿ ಹಾಕಿ ಸೈಕಲ್ ಬಿಡುವ ಹುಡುಗ, ರಜೆಯಲ್ಲಿ ಅಜ್ಜಿ ಮನೆಗೆ ಅಂತ ಬೆಂಗಳೂರಿಂದ ಬಂದು ಸೆಕೆ ತಡೀಲಿಕ್ಕೆ ಆಗದೆ ಮೆಟ್ಟಿಲಲ್ಲಿ ಕೂತು ಅಳುವ ಮಗು. ಅಂಗಳದಲ್ಲಿ ಪುನರ್ಪುಳಿ ಸಿಪ್ಪೆ ಒಣಗ್ಸುದು, ಟೆರೇಸಲ್ಲಿ ಹಲಸಿನ ಹಪ್ಪಳ, ಅದಕ್ಕೆ ಕಾಗೆ ಬರದ ಹಾಗೆ ಕೋಲು ಹಿಡ್ಕೊಂಡು ಕಾಯುವ ದೊಡ್ಡಮ್ಮ ಒಬ್ರು (ಇವ್ರು ಆಮೇಲೆ ಮತ್ತೆ ಬರ್ತಾರೆ). ಏಪ್ರಿಲ್ 24ರದ್ದು ನಂಗೆ ಭಾರೀ ಇಷ್ಟ. ಆ ದಿನ ಮಂಗಳೂರಲ್ಲಿ ಸೂರ್ಯ ಸರಿ ನೆತ್ತಿ ಮೇಲೆ ಬರ್ತಾನೆ, ಮಧ್ಯಾಹ್ನ ಹನ್ನೆರಡೂವರೆಗೆ ಒಂದೆರಡು ನಿಮಿಷ ಮೊದ್ಲು, ನೆಟ್ಟಗೆ ನಿಲ್ಲಿಸಿದ ವಸ್ತುವಿಗೆ ನೆರಳೇ ಇರುದಿಲ್ಲ. ಪಕ್ಕದ ಮನೆ ಹುಡುಗ ಕೆರೆ ದಂಡೆಯಲ್ಲಿ ಸ್ಟೀಲ್ ಲೋಟ ಬೋರಲು ಇಟ್ಟ, ನಾನು ಕ್ಲಿಕ್ ಮಾಡಿದೆ, ಲೋಟ ಗಾಳಿಯಲ್ಲಿ ನಿಂತ ಹಾಗೆ ಬಂತು. ಆಗಸ್ಟಲ್ಲಿ ಇನ್ನೊಮ್ಮೆ ಅಂಥ ದಿನ ಬರ್ತದೆ, ಆದ್ರೆ ಆಗ ನಮ್ಮಲ್ಲಿ ಸೂರ್ಯ ಎಲ್ಲಿ ಕಾಣ್ತಾನೆ.

ಈಗ ಲ್ಯಾಬಿಗೆ ಬರ್ತೇನೆ.

ಮೊದ್ಲ ತಪ್ಪು ನನ್ನದೇ, ಅದನ್ನೂ ಹೇಳ್ಬೇಕು. ಕೌಂಟರಲ್ಲಿ ಇದ್ದ ಹುಡುಗಿ "ವಾಟ್ಸಾಪ್ ಮಾಡಿ ಸರ್" ಅಂದ್ಲು, ನಾನು ಮಾಡಿದೆ, 61 ಫೋಟೋ ಒಟ್ಟಿಗೆ. ವಾಟ್ಸಾಪಲ್ಲಿ ಸಾದಾ ಕಳ್ಸಿದ್ರೆ ಅದು ಫೋಟೋವನ್ನು ಕುಗ್ಗಿಸ್ತದೆ, ಉದ್ದದ ಬದಿಯಲ್ಲಿ ಹೆಚ್ಚು ಕಡಿಮೆ 1600 ಪಿಕ್ಸೆಲ್ ಉಳೀತದೆ ಅಷ್ಟೆ. 4×6 ಪ್ರಿಂಟಿಗೆ ಇಂಚಿಗೆ 300ರ ಲೆಕ್ಕದಲ್ಲಿ 1800 ಬೇಕು. ಪಿಕ್ಸೆಲ್ ಕಡಿಮೆ ಆದ್ರೂ ಇಷ್ಟು ಸಣ್ಣ ಸೈಜಿಗೆ ಹೇಗೋ ನಡೀತದೆ, ಆದ್ರೆ ಕುಗ್ಗಿಸುವಾಗ ನೀರಿನ ಮೇಲಿನ ಸಣ್ಣ ಸಣ್ಣ ಅಲೆ, ಹಪ್ಪಳದ ಮೇಲಿನ ಎಳ್ಳು ಇಂಥದ್ದೆಲ್ಲ ಕಲಸಿ ಹೋಗ್ತದೆ. ಡಾಕ್ಯುಮೆಂಟ್ ಮಾಡಿ ಕಳ್ಸಿ, ಇಲ್ಲ ಪೆನ್‌ಡ್ರೈವ್ ತಗೊಂಡು ಹೋಗಿ. ಈ ಒಂದು ಮಾತು ಕೌಂಟರಲ್ಲಿ ಬೋರ್ಡ್ ಬರೆದು ಹಾಕಿದ್ರೆ ಎಂತ ಹೋಗ್ತದೆ ಅವ್ರಿಗೆ?

ಎರಡನೇದು ಕಟಿಂಗ್. ನನ್ನ ಫೋನಿನ ಫೋಟೋ 4:3, ಪೇಪರ್ 3:2. ತುಂಬಿಸಿ ಪ್ರಿಂಟ್ ಹಾಕಿದ್ರೆ ಮೇಲೆ ಕೆಳಗೆ ಸೇರಿ ಒಂಬತ್ರಲ್ಲಿ ಒಂದು ಪಾಲು ಹೋಗ್ತದೆ. ಆಕಾಶ ಹೋದ್ರೆ ಬೇಜಾರಿಲ್ಲ, ಬೊಂಡದ (ಎಳನೀರಿನ) ಗಾಡಿಯವ್ರ ತಲೆಯೇ ಹೋಗಿತ್ತು, ಕತ್ತಿ ಮಾತ್ರ ಉಳಿದಿತ್ತು, ನೋಡಿದವ್ರು ಹೆದ್ರಬೇಕು. 4.5×6 ಅಂತ ಒಂದು ಸೈಜ್ ಉಂಟು, ಅದು ಫೋನಿನ ಫೋಟೋಗೆ ಸರಿಯಾಗಿ ಕೂರ್ತದೆ. ನಾನು ಕೇಳಿದ ಮೇಲೆ "ಹಾಂ ಉಂಟು ಸರ್" ಅಂದ್ರು. ಕೇಳದಿದ್ರೆ ಹೇಳುದಿಲ್ಲ, ಅದು ಅವ್ರ ಪಾಲಿಸಿ ಅಂತ ಕಾಣ್ತದೆ.

ಆದ್ರೆ ನನ್ನ ಮಂಡೆ ಬಿಸಿ ಆದದ್ದು ಬಣ್ಣದ ವಿಷಯಕ್ಕೆ. ನಾನು ವಾಪಸ್ ಹೋದಾಗ ಕೌಂಟರಲ್ಲಿ "ಮಿಷನ್ ಹಾಗೇ ಕೊಡುದು" ಅಂತ ಒಂದೇ ಮಾತು. ಜಗಳ ಮಾಡ್ಲಿಕ್ಕೆ ಮನಸ್ಸಿರ್ಲಿಲ್ಲ, ಹೊರಗೆ ಬಿಸಿಲು, ಒಳಗೆ ಏಸಿ, ಹಾಗೆ ಸುಮ್ನೆ ಕೂತೆ. ಸ್ವಲ್ಪ ಹೊತ್ತಿಗೆ ಒಳಗಿಂದ ಪ್ರಿಂಟಿಂಗ್ ಮಾಡುವ ಅಣ್ಣ ಬಂದ್ರು, ಐವತ್ತರ ಮೇಲೆ ಪ್ರಾಯ, ರೀಲ್ ತೊಳೆಯುವ ಕಾಲದಿಂದ ಇದೇ ಕೆಲಸ. ನನ್ನ ಫೋನು, ಅವ್ರ ಪ್ರಿಂಟು ಎರಡೂ ಟ್ಯೂಬ್‌ಲೈಟ್ ಕೆಳಗೆ ಹಿಡಿದು ನೋಡಿ "ಓ, ಇದೆಲ್ಲ ಹಸಿರು ಫೋಟೋ, ಆಟೋದಲ್ಲಿ ಹೋಗಿದೆ" ಅಂದ್ರು.

ಆಟೋ ಅಂದ್ರೆ ಮಿಷನ್ ತಾನೇ ಬಣ್ಣ ತಿದ್ದುದು, ಅದಕ್ಕೇ ಕರೆಕ್ಷನ್ ಅನ್ನುದು. ಅವ್ರು ಹೇಳಿದ್ದು ನಂಗೆ ಅರ್ಥ ಆದದ್ದು ಹೀಗೆ. ಮಿಷನಿಗೆ ಕೆರೆ ಗೊತ್ತಿಲ್ಲ, ಮುಖ ಗೊತ್ತಿಲ್ಲ. ಒಂದು ಫೋಟೋದ ಬಣ್ಣ ಎಲ್ಲ ಸೇರಿಸಿ ಸರಾಸರಿ ತೆಗೆದ್ರೆ ಹೆಚ್ಚು ಕಡಿಮೆ ಬೂದಿ ಬರ್ಬೇಕು ಅಂತ ಅದ್ರ ನಂಬಿಕೆ, ಮದುವೆ ಫೋಟೋ, ಬರ್ತ್‌ಡೇ ಫೋಟೋಗೆಲ್ಲ ಅದು ಸರಿಯೇ ಆಗ್ತದೆ. ನನ್ನ ಫೋಟೋದಲ್ಲಿ ಮುಕ್ಕಾಲು ಭಾಗ ಹಸಿರು ನೀರು. ಮಿಷನ್ ನೋಡಿತು, ಹಸಿರು ಜಾಸ್ತಿ ಆಗಿದೆ, ಲೈಟಿಂದು ಏನೋ ದೋಷ ಅಂತ ಲೆಕ್ಕ ಹಾಕಿ ಹಸಿರಿನ ಎದುರು ಬಣ್ಣ ಮಜೆಂಟಾ ಸುರಿಯಿತು. ನೀರು ಬೂದಿ ಆಯ್ತು, ಪಕ್ಕದಲ್ಲಿ ಕೂತವ್ರು ಗುಲಾಬಿ ಆದ್ರು. ಸಂಜೆ ಆರೂವರೆ ಬಿಸಿಲಿನ ಫೋಟೋಗಳಿಗೂ ಅದೇ ಗತಿ, ಕಿತ್ತಳೆ ಜಾಸ್ತಿ ಅಂತ ನೀಲಿ ಹಾಕಿದೆ, ಮೇ ತಿಂಗಳ ಸಂಜೆ ಊಟಿ ಆಗಿದೆ. ನೆರಳಿಲ್ಲದ ಲೋಟದ ಫೋಟೋವನ್ನು ಬೆಳಗ್ಸಿ ಬೆಳಗ್ಸಿ ಲೋಟ ಯಾವ್ದು ಸಿಮೆಂಟ್ ಯಾವ್ದು ಅಂತ ಗೊತ್ತಾಗದ ಹಾಗೆ ಮಾಡಿದೆ.

ಮನುಷ್ಯರ ಮೈಬಣ್ಣದ್ದು ಇನ್ನೊಂದು ಕಥೆ. ಅಣ್ಣ ಹೇಳಿದ್ರು, ಬೆಳ್ಳಗೆ ಬರದಿದ್ರೆ ಗಿರಾಕಿಗಳೇ ವಾಪಸ್ ತರ್ತಾರಂತೆ, ಹಾಗೆ ಇವ್ರೇ ಒಂದು ಸುತ್ತು ಬ್ರೈಟ್ ಮಾಡಿ ಇಡ್ತಾರೆ. ಬಿಸಿಲಲ್ಲಿ ಎರಡು ತಿಂಗಳು ಕ್ರಿಕೆಟ್ ಆಡಿ ಕಪ್ಪಾದ ಮಕ್ಕಳು, ಆ ಕಪ್ಪೇ ಅವ್ರ ರಜೆ ಅಲ್ವಾ, ಅದನ್ನು ತೊಳ್ದು ಕೊಟ್ರೆ ನನ್ನ ಏಪ್ರಿಲ್ ಒಂದ್ರ ಫೋಟೋಗೂ ಮೇ ಮೂವತ್ತೊಂದ್ರದ್ದಕ್ಕೂ ವ್ಯತ್ಯಾಸ ಎಂತ ಉಳೀತು?

ಪರಿಹಾರ ಒಂದೇ ಸಾಲು. ಆರ್ಡರ್ ಚೀಟಿಯಲ್ಲಿ "ಕರೆಕ್ಷನ್ ಬೇಡ" ಅಂತ ಬರ್ಸಿ. ಅಷ್ಟೆ. ಎರಡನೇ ಸಲ ಹಾಗೆ ಬರ್ಸಿದೆ, ಪೆನ್‌ಡ್ರೈವ್ ಕೊಟ್ಟೆ, 4.5×6 ಹೇಳಿದೆ, ಮ್ಯಾಟ್ ಪೇಪರ್ ಹೇಳಿದೆ. ಮೊದ್ಲನೇದು ಗ್ಲಾಸಿ ಇತ್ತು, ಕರಾವಳಿಯಲ್ಲಿ ಗ್ಲಾಸಿ ಹಾಕ್ಸಬೇಡಿ ದಯವಿಟ್ಟು, ಜುಲೈಯಲ್ಲಿ ಆಲ್ಬಮ್ಮಿನ ಪ್ಲಾಸ್ಟಿಕ್ಕಿಗೋ ಫ್ರೇಮಿನ ಗಾಜಿಗೋ ಅಂಟಿ ಕೂತ್ರೆ ಎಳೆದಾಗ ಮುಖವೇ ಎದ್ದು ಬರ್ತದೆ, ನಮ್ಮಮ್ಮನ ಮದುವೆ ಆಲ್ಬಮ್ಮಲ್ಲಿ ನಾಲ್ಕು ಜನ ಹಾಗೆಯೇ ಹೋದದ್ದು.

ಎರಡನೇ ಸಲ ಬಂದದ್ದು ನೋಡಿ ಖುಷಿ ಆಯ್ತು, ಸುಳ್ಳು ಹೇಳುದಿಲ್ಲ. ಇವ್ರದ್ದು ಇಂಕ್ ಸ್ಪ್ರೇ ಮಾಡುವ ಪ್ರಿಂಟರ್ ಅಲ್ಲ, ಪೇಪರಿಗೆ ಬೆಳಕು ಬಿಟ್ಟು ಕೆಮಿಕಲಲ್ಲಿ ತೊಳೆಯುವ ಹಳೇ ಪದ್ಧತಿಯ ಮಿಷನ್ನೇ, ಕಪ್ಪು ಬಣ್ಣ ಆಳ ಉಂಟು, ಚುಕ್ಕೆ ಕಾಣುದಿಲ್ಲ. ಹಸಿರು ಹಸಿರಾಗಿಯೇ ಉಂಟು, ನೀರುಕಾಗೆ ರೆಕ್ಕೆ ಬಿಡಿಸಿ ಒಣಗ್ಸುವ ಫೋಟೋದಲ್ಲಿ ಕಪ್ಪಿನೊಳಗೆ ಗರಿ ಗರಿ ಕಾಣ್ತದೆ. ಪತ್ತನಾಜೆ ದಿನದ್ದೂ ಚೆಂದ ಬಂದಿದೆ. ತುಳುವಿನ ಬೇಶ ತಿಂಗಳ ಹತ್ತನೇ ದಿನ ಅದು, ಯಕ್ಷಗಾನ ಮೇಳದವ್ರು ಆಟ ಮುಗಿಸಿ ಗೆಜ್ಜೆ ಬಿಚ್ಚುದು ಅವತ್ತೇ, ಅವತ್ತು ನಾಲ್ಕು ಹನಿಯಾದ್ರೂ ಮಳೆ ಬರ್ಲೇಬೇಕು ಅಂತ ಅಜ್ಜಿ ಹೇಳ್ತಾ ಇದ್ರು. ಬಂತು. ಕೆರೆಯ ಹಸಿರಲ್ಲಿ ನಾಲ್ಕಲ್ಲ ನಲವತ್ತು ರಿಂಗ್, ಪ್ರಿಂಟಲ್ಲಿ ಎಣಿಸ್ಬಹುದು.

ರೇಟು ಹೇಳುದಾದ್ರೆ ಮೊದ್ಲ ಸಲ ಒಂದಕ್ಕೆ 10 ರೂಪಾಯಿ, ಒಟ್ಟು 610. ಎರಡನೇ ಸಲಕ್ಕೆ ಅರ್ಧ ತಗೊಂಡ್ರು, 305. ಸೈಜ್ ಕೇಳದೆ, ಕರೆಕ್ಷನ್ ಬೇಕಾ ಅಂತ ಕೇಳದೆ ಮಾಡಿದ್ದು ಅವ್ರು, ಆ ಅರ್ಧವೂ ತಗೊಳ್ಬಾರ್ದಿತ್ತು ಅಂತ ನನ್ನ ಅಭಿಪ್ರಾಯ, ಆದ್ರೆ ವಾಟ್ಸಾಪಲ್ಲಿ ಕಳ್ಸಿದ್ದು ನಾನು, ಹಾಗಾಗಿ ಬಾಯಿ ಮುಚ್ಚಿ ಕೊಟ್ಟೆ. ಪಾರ್ಕಿಂಗ್ ಇಲ್ಲ, ಬಸ್ಸಲ್ಲಿ ಹೋಗಿ. ಹೇಳಿದ ಟೈಮಿಗೆ ಎರಡು ಸಲವೂ ರೆಡಿ ಇತ್ತು. ಒಳಗಿನ ಅಣ್ಣನಿಗೆ ಐದಕ್ಕೆ ಐದು, ಕೌಂಟರಿಗೆ ಎರಡು, ಸೇರಿಸಿ ಭಾಗ ಮಾಡಿದ್ರೆ ಮೂರೂವರೆ.

ಹಾಳಾದ ಮೊದ್ಲ ಸೆಟ್ ಬಿಸಾಡ್ಲಿಕ್ಕೆ ಮನಸ್ಸು ಬರ್ಲಿಲ್ಲ, ಯಾರ್ಯಾರ ಫೋಟೋ ಉಂಟೋ ಅವ್ರವ್ರ ಮನೆಗೆ ಕೊಟ್ಟು ಬಂದೆ. ಹಪ್ಪಳದ ದೊಡ್ಡಮ್ಮನಿಗೆ ಮಾತ್ರ ಎರಡೂ ತೋರ್ಸಿದೆ, ಗುಲಾಬಿದು ಒಂದು, ಸರಿಯಾದ್ದು ಒಂದು. ಕನ್ನಡಕ ಹಾಕಿ ತುಂಬಾ ಹೊತ್ತು ನೋಡಿದ್ರು. ಸರಿಯಾದ್ದನ್ನು ನಂಗೆ ವಾಪಸ್ ಕೊಟ್ಟು "ಇದ್ರಲ್ಲಿ ಎಂತ ಮಗ, ನಾನೂ ಹಪ್ಪಳದ ಒಟ್ಟಿಗೆ ಒಣಗಿದ ಹಾಗೆ ಉಂಟು, ಇನ್ನೊಂದ್ರಲ್ಲಿ ನೋಡು ಹೇಗೆ ಬೆಳ್ಳಗಿದ್ದೇನೆ" ಅಂದ್ರು. ಗುಲಾಬಿ ಫೋಟೋ ಶೋಕೇಸಲ್ಲಿ ಕೂತಿದೆ. ಅದೇ ಬೇಕಂತೆ ಇನ್ನೊಂದು ಕಾಪಿ, ದೊಡ್ಡದು, ದುಬೈಯಲ್ಲಿರುವ ಮಗಳಿಗೆ ಕಳ್ಸಲಿಕ್ಕೆ.

ಹಾಗೆ ಮೂರನೇ ಸಲ ಹೋದೆ ಲ್ಯಾಬಿಗೆ. "8×12, ಗ್ಲಾಸಿ, ಕರೆಕ್ಷನ್ ಆಟೋದಲ್ಲೇ ಇರ್ಲಿ ಅಣ್ಣ" ಅಂದೆ. ಅವ್ರು ಚೀಟಿ ಬರೆಯುದು ನಿಲ್ಲಿಸಿ ನನ್ನ ಮುಖ ನೋಡಿದ್ರು.