ಕ್ಯಾಕ್ಟಸ್ ಎಂದು ತಂದ ಗಿಡದ ಕುಂಡ ಬದಲಾಯಿಸುವ ಮುನ್ನ ಕಣ್ಣಿನ ಬಗ್ಗೆ ಎಚ್ಚರವಿರಲಿ

ಮನೆಯಲ್ಲಿ ಕ್ಯಾಕ್ಟಸ್ ಬೆಳೆಸುವವರು, ಅದರಲ್ಲೂ ಮಳೆಗಾಲಕ್ಕೆ ಮುನ್ನ ಅದನ್ನು ದೊಡ್ಡ ಕುಂಡಕ್ಕೆ ಬದಲಾಯಿಸಬೇಕೆಂದುಕೊಂಡಿರುವವರು, ಕೆಲಸಕ್ಕೆ ಕೈಹಾಕುವ ಮೊದಲು ಒಂದು ವಿಷಯವನ್ನು ಖಚಿತಪಡಿಸಿಕೊಳ್ಳಬೇಕೆಂದು ಕೇಳಿಕೊಳ್ಳಲು ಇದನ್ನು ಬರೆಯುತ್ತಿದ್ದೇನೆ. ನರ್ಸರಿಯವರು ಕ್ಯಾಕ್ಟಸ್ ಎಂದು ಹೇಳಿ ಕೊಟ್ಟ ಗಿಡ ನಿಜವಾಗಿ ಕ್ಯಾಕ್ಟಸ್ ಆಗಿರದೆ, ಗಾಯವಾದಲ್ಲೆಲ್ಲ ಬಿಳಿ ಹಾಲು ಸುರಿಸುವ ಯುಫೋರ್ಬಿಯಾ ಕುಲದ ಕಳ್ಳಿಯಾಗಿರಬಹುದು. ಆ ಹಾಲು ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯವಿದೆ. ನಮ್ಮ ಮನೆಯವರ ಬಲಗಣ್ಣು ಈ ಅಪಾಯವನ್ನು ಕಂಡು ಬಂದಿದೆ. ಇನ್ನೊಬ್ಬರ ಮನೆಯಲ್ಲಿ ಇದು ನಡೆಯಬಾರದು ಎಂಬ ಕಳಕಳಿಯಿಂದ ನಡೆದದ್ದನ್ನೂ, ವೈದ್ಯರಿಂದ ತಿಳಿದದ್ದನ್ನೂ, ಆಮೇಲೆ ಓದಿ ತಿಳಿದುಕೊಂಡದ್ದನ್ನೂ ಇಲ್ಲಿ ಹೇಳುತ್ತೇನೆ.

ಆ ಗಿಡವನ್ನು ಕೆಲವು ವರ್ಷಗಳ ಹಿಂದೆ ಮೈಸೂರಿನ ರಸ್ತೆಬದಿಯ ನರ್ಸರಿಯೊಂದರಿಂದ ತಂದಿದ್ದೆವು. ಆಗ ಅದು ಗೇಣುದ್ದವಿತ್ತು. ಮೂರು ಏಣುಗಳ ಕಡುಹಸಿರು ಕಾಂಡ, ಏಣಿನ ಅಂಚಿನುದ್ದಕ್ಕೂ ಜೋಡಿಜೋಡಿಯಾಗಿ ಕಿರುಮುಳ್ಳು, ಅವುಗಳ ಬಳಿಯೇ ಚಿಗುರಿದ ಪುಟ್ಟ ಎಲೆಗಳು, ಕಾಂಡದ ಮೈಮೇಲೆ ಮಸುಕಾದ ಬಿಳಿ ಪಟ್ಟೆಗಳು. ವಾರಕ್ಕೊಮ್ಮೆ ನೀರು ಹಾಕಿದರೆ ಸಾಕು, ಬೇರೆ ಆರೈಕೆ ಬೇಡ ಎಂದು ಮಾರಿದವರು ಹೇಳಿದ್ದರು. ಹಾಲಿನ ಬಗ್ಗೆ ಒಂದು ಮಾತನ್ನೂ ಹೇಳಿರಲಿಲ್ಲ. ತಾರಸಿಯ ಬಿಸಿಲಿನಲ್ಲಿ ಅದು ಎದೆಯೆತ್ತರಕ್ಕೆ ಬೆಳೆದು, ನೇರವಾಗಿ ಮೇಲೇರುವ ಹಲವು ಕೊಂಬೆಗಳನ್ನು ಒಡೆದು, ತಲೆಭಾರವಾಗಿ ಗಾಳಿಗೆ ವಾಲತೊಡಗಿತು. ಪ್ಲಾಸ್ಟಿಕ್ ಕುಂಡ ಬಿಸಿಲಿಗೆ ಬಿರುಕು ಬಿಟ್ಟಿತ್ತು. ಭಾರವಾದ ಮಣ್ಣಿನ ಕುಂಡಕ್ಕೆ ಬದಲಾಯಿಸದೆ ಬೇರೆ ದಾರಿ ಇರಲಿಲ್ಲ.

ಮುಳ್ಳಿನ ಗಿಡಕ್ಕೆ ಏನೇನು ಮುಂಜಾಗ್ರತೆ ಬೇಕೆಂದು ಸಾಮಾನ್ಯವಾಗಿ ಹೇಳುತ್ತಾರೋ ಅದೆಲ್ಲವನ್ನೂ ಮಾಡಿಕೊಂಡಿದ್ದೆವು. ಮಣ್ಣು ಒಣಗಿ ಸಡಿಲವಾಗಲೆಂದು ನೀರು ನಿಲ್ಲಿಸಿದ್ದೆವು, ದಪ್ಪ ಚರ್ಮದ ಕೈಗವಸು ತೊಟ್ಟಿದ್ದೆವು, ಕಾಂಡಗಳಿಗೆ ಗೋಣಿಚೀಲ ಸುತ್ತಿದ್ದೆವು. ಬೇರುಗಳು ಕುಂಡದ ತಳದ ತೂತುಗಳಿಂದ ಹೊರಬಂದು ಸುತ್ತಿಕೊಂಡಿದ್ದರಿಂದ ಕುಂಡವನ್ನೇ ಕತ್ತರಿಸಿ ತೆಗೆಯಬೇಕಾಯಿತು. ಗಿಡವನ್ನು ಅಡ್ಡ ಮಲಗಿಸಿ, ಕೊನೆಯ ತುಂಡು ಪ್ಲಾಸ್ಟಿಕ್ ಎಳೆಯುವಾಗ ಬುಡದ ಬಳಿಯ ಒಂದು ಕೊಂಬೆ ತಟ್ಟನೆ ಮುರಿದು, ಮುರಿದ ಜಾಗದಿಂದ ಹಾಲು ಸಿಡಿದು, ಬಗ್ಗಿ ನಿಂತಿದ್ದ ನಮ್ಮ ಮನೆಯವರ ಕಣ್ಣಿಗೆ ಬಿತ್ತು. ಮುಳ್ಳಿನಿಂದ ಕೈಯನ್ನು ಕಾಪಾಡುವ ಬಗ್ಗೆ ಎಲ್ಲರೂ ಹೇಳುತ್ತಾರೆ. ಕಣ್ಣಿಗೆ ಕನ್ನಡಕ ಬೇಕೆಂದು ನಮಗೆ ಯಾರೂ ಹೇಳಿರಲಿಲ್ಲ.

ತಕ್ಷಣ ತಾರಸಿಯ ನಲ್ಲಿಯಲ್ಲಿ ಕಣ್ಣು ತೊಳೆದರು. ಉರಿ ಇತ್ತು, ಆದರೆ ತಡೆಯಲಾಗದಷ್ಟು ಇರಲಿಲ್ಲ. ಸೋಪಿನ ನೊರೆ ಹೋದಾಗ ಆಗುವಷ್ಟೇ ಉರಿ, ಸ್ವಲ್ಪ ಹೊತ್ತು ಮಲಗಿದರೆ ಸರಿಹೋಗುತ್ತದೆ ಎಂದು ಅವರಿಗೆ ಅನ್ನಿಸಿತು. ಈ ಘಟ್ಟವನ್ನು ಓದುಗರು ವಿಶೇಷವಾಗಿ ಗಮನಿಸಬೇಕು. ಕಳ್ಳಿ ಹಾಲಿನ ಕೆಡುಕು ಮೊದಲ ಗಂಟೆಯಲ್ಲಿ ಪೂರ್ತಿ ಗೊತ್ತಾಗುವುದಿಲ್ಲ. ನೋವು ತಾಳಬಹುದಾದಷ್ಟೇ ಇದೆ ಎಂದು ಜನ ಮನೆಯಲ್ಲೇ ಉಳಿದುಬಿಡುತ್ತಾರೆ, ರಾತ್ರಿ ಕಳೆಯುವಷ್ಟರಲ್ಲಿ ಕಣ್ಣು ಬಾತು ಕೆಂಪಾಗಿರುತ್ತದೆ.

ನಮ್ಮನ್ನು ಆ ಹೊತ್ತಿನಲ್ಲಿ ಕಾಪಾಡಿದ್ದು ನಮ್ಮ ಅತ್ತೆಯವರ ತಿಳಿವಳಿಕೆ. ಅವರು ನಂಜನಗೂಡು ಸೀಮೆಯ ಹಳ್ಳಿಯಲ್ಲಿ ಬೆಳೆದವರು. ಹೊಲದ ಬೇಲಿಗೆ ಬೊಂತೆಕಳ್ಳಿ ಹಾಕುತ್ತಿದ್ದ ಊರು. ಬೇಲಿ ಸವರುವ ಗಂಡಸರು ಮುಖಕ್ಕೆ ಟವೆಲ್ ಕಟ್ಟಿಕೊಳ್ಳುತ್ತಿದ್ದುದನ್ನೂ, ಗಾಳಿ ಬೀಸುವ ದಿಕ್ಕಿಗೆ ಬೆನ್ನು ಮಾಡಿ ನಿಲ್ಲುತ್ತಿದ್ದುದನ್ನೂ ನೋಡಿದವರು. ತಾರಸಿಗೆ ಹತ್ತಿ ಬಂದು, ಮುರಿದ ಕೊಂಬೆಯಿಂದ ಇನ್ನೂ ತೊಟ್ಟಿಕ್ಕುತ್ತಿದ್ದ ಹಾಲನ್ನು ಕಂಡೊಡನೆ ಅವರು ಮಗನಿಗೆ ಹೇಳಿದ್ದು ಇಷ್ಟು: “ಕಳ್ಳಿ ಹಾಲು ಕಣಪ್ಪ ಇದು. ಮಲಿಕ್ಕೊಳ್ಳೋ ಹೊತ್ತಲ್ಲ, ಆಸ್ಪತ್ರೆಗೆ ಏಳು. ಕಣ್ಣೇ ಹೋಯ್ತದೆ.” ಬೇಲಿಯಲ್ಲಿ ನಿಂತಾಗ ಈ ಗಿಡ ಏನೆಂದು ಹಳ್ಳಿಯ ಮಕ್ಕಳಿಗೂ ಗೊತ್ತಿರುತ್ತದೆ. ಅದೇ ಕುಲದ ಗಿಡ ಬಣ್ಣದ ಕುಂಡದಲ್ಲಿ, ಕ್ಯಾಕ್ಟಸ್ ಎಂಬ ಚೀಟಿ ಹೊತ್ತು ಪೇಟೆಯ ಮನೆಗೆ ಬಂದಾಗ ಆ ಅರಿವು ಜೊತೆಗೆ ಬರುವುದಿಲ್ಲ. ಇದು ನನ್ನನ್ನು ಇಂದಿಗೂ ಕಾಡುವ ಸಂಗತಿ.

ಕಣ್ಣಾಸ್ಪತ್ರೆಯಲ್ಲಿ ಮೊದಲು ಮಾಡಿದ್ದು ಮತ್ತೆ ತೊಳೆಯುವುದನ್ನೇ, ರೆಪ್ಪೆಗಳನ್ನು ಮೇಲಕ್ಕೆ ಮಗುಚಿ, ಸಲೈನ್ ಹರಿಸಿ, ಬಹಳ ಹೊತ್ತು. ನಂತರ ಕಣ್ಣಿಗೆ ಬಣ್ಣದ ಹನಿ ಹಾಕಿ ನೀಲಿ ಬೆಳಕಿನಲ್ಲಿ ಪರೀಕ್ಷಿಸಿದರು. ಕಾರ್ನಿಯಾ, ಅಂದರೆ ಕರಿಗುಡ್ಡೆಯ ಮುಂದಿರುವ ಪಾರದರ್ಶಕ ಪಟಲದ ಹೊರಪದರ ಕಿತ್ತುಹೋದ ಕಡೆಗಳಲ್ಲೆಲ್ಲ ಆ ಬಣ್ಣ ಹಸಿರಾಗಿ ಹೊಳೆಯುತ್ತಿತ್ತು. ಕಡಿಮೆಯಾಗುವ ಮೊದಲು ಇದು ಹೆಚ್ಚಾಗುತ್ತದೆ, ಗಾಬರಿಯಾಗಬೇಡಿ, ಆದರೆ ಒಂದು ದಿನವೂ ತಪ್ಪಿಸದೆ ಬನ್ನಿ ಎಂದು ವೈದ್ಯರು ಹೇಳಿದರು. ಹಾಗೆಯೇ ಆಯಿತು. ಮರುದಿನ ಬೆಳಗ್ಗೆ ರೆಪ್ಪೆ ತೆರೆಯಲಾಗದಷ್ಟು ಬಾವು, ಕಿಟಕಿಯ ಬೆಳಕನ್ನೂ ಸಹಿಸಲಾಗದ ನೋವು, ಎದುರಿಗಿದ್ದವರ ಮುಖ ಗುರುತಿಸಲಾಗದ ಮಬ್ಬು. ಉರಿಯೂತ ಕಾರ್ನಿಯಾವನ್ನು ದಾಟಿ ಕಣ್ಣಿನ ಒಳಭಾಗಕ್ಕೂ ಹರಡಿತ್ತು. ಸೋಂಕು ತಗಲದಂತೆ ಆಂಟಿಬಯಾಟಿಕ್ ಹನಿ, ಪಾಪೆಯನ್ನು ಹಿಗ್ಗಿಸಿ ನೋವು ತಗ್ಗಿಸುವ ಹನಿ, ಮುಂದೆ ವೈದ್ಯರ ಕಣ್ಗಾವಲಿನಲ್ಲಿ ಸ್ಟಿರಾಯ್ಡ್ ಹನಿ, ಹೀಗೆ ಚಿಕಿತ್ಸೆ ವಾರಗಟ್ಟಲೆ ನಡೆಯಿತು. ದೃಷ್ಟಿ ಪೂರ್ತಿಯಾಗಿ ಮರಳಿತು. ಬೇಗ ತೊಳೆದದ್ದರಿಂದ, ಅದೇ ದಿನ ಬಂದದ್ದರಿಂದ ಇದು ಸಾಧ್ಯವಾಯಿತು ಎಂಬುದು ವೈದ್ಯರ ಮಾತು.

ನಮ್ಮ ಗಿಡ ಆಫ್ರಿಕಾ ಮೂಲದ ಯುಫೋರ್ಬಿಯಾ ಟ್ರೈಗೋನಾ. ಈ ಕುಲದಲ್ಲಿ ಸುಮಾರು 2000 ಪ್ರಭೇದಗಳಿದ್ದು, ಅವುಗಳ ಹಾಲಿನಲ್ಲಿರುವ ಡೈಟರ್ಪೀನ್ ಎಸ್ಟರುಗಳೆಂಬ ರಾಸಾಯನಿಕಗಳು ಚರ್ಮ ಮತ್ತು ಕಣ್ಣನ್ನು ತೀವ್ರವಾಗಿ ಕೆರಳಿಸುತ್ತವೆ. ಹಾಲು ಅಂಟಂಟಾಗಿರುವುದರಿಂದ ಬರಿಯ ನೀರಿಗೆ ಸುಲಭವಾಗಿ ಬಿಡುವುದಿಲ್ಲ. 2009ರಲ್ಲಿ ಇಂಡಿಯನ್ ಜರ್ನಲ್ ಆಫ್ ಆಫ್ತಾಲ್ಮಾಲಜಿಯಲ್ಲಿ ಪ್ರಕಟವಾದ ವರದಿಯೊಂದು ಯುಫೋರ್ಬಿಯಾ ಹಾಲಿನಿಂದ ಕಣ್ಣಿಗೆ ಇಂಥದೇ ಉರಿಯೂತವಾದ ಮೂವರ ಪ್ರಕರಣಗಳನ್ನು ವಿವರಿಸಿದೆ. ಅಲ್ಲಿ ಕಾರಣವಾದ ಗಿಡಗಳು ಟ್ರೈಗೋನಾ, ನಮ್ಮ ಊರುಗಳಲ್ಲೂ ಬೆಳೆಯುವ ಎಲೆಗಳ್ಳಿ, ಮತ್ತು ಕೆಂಪು ಹೂವಿಗಾಗಿ ಎಷ್ಟೋ ಮನೆಗಳ ಮುಂದೆ ಕುಂಡದಲ್ಲಿ ನಿಲ್ಲಿಸಿರುವ ಯುಫೋರ್ಬಿಯಾ ಮಿಲಿ. ಮೂರೂ ನಮ್ಮ ನರ್ಸರಿಗಳಲ್ಲಿ ದಿನನಿತ್ಯ ಕಾಣುವ ಗಿಡಗಳೇ.

ಹಾಗಾದರೆ ಗುರುತಿಸುವುದು ಹೇಗೆ? ನಿಜವಾದ ಕ್ಯಾಕ್ಟಸ್‌ಗಳಲ್ಲಿ ಮುಳ್ಳುಗಳು ಹತ್ತಿಯಂಥ ಸಣ್ಣ ಮೆತ್ತೆಯಿಂದ ಗೊಂಚಲಾಗಿ ಹೊರಡುತ್ತವೆ. ಈ ಮೆತ್ತೆಗೆ ಏರಿಯೋಲ್ ಎನ್ನುತ್ತಾರೆ. ಅದು ಕ್ಯಾಕ್ಟಸ್ ಕುಟುಂಬದ ಗಿಡಗಳಿಗೆ ಮಾತ್ರ ಇರುವ ಲಕ್ಷಣ, ಯುಫೋರ್ಬಿಯಾದಲ್ಲಿ ಇರುವುದಿಲ್ಲ. ಮುಳ್ಳಿರುವ ಯುಫೋರ್ಬಿಯಾಗಳಲ್ಲಿ ಮುಳ್ಳು ಹೆಚ್ಚಾಗಿ ಜೋಡಿಯಾಗಿದ್ದು, ಕಾಂಡದ ಏಣಿನಿಂದಲೇ ನೇರವಾಗಿ ಎದ್ದಿರುತ್ತದೆ. ಹೂವು ಬಿಟ್ಟಾಗ ಗೊಂದಲವೇ ಉಳಿಯುವುದಿಲ್ಲ: ಕ್ಯಾಕ್ಟಸ್ ಹೂವು ಬಹುದಳಗಳ ಅಂದದ ಹೂವು, ಯುಫೋರ್ಬಿಯಾದ್ದು ಗಮನಕ್ಕೂ ಬಾರದಷ್ಟು ಚಿಕ್ಕದು, ಮಿಲಿಯಂಥ ಕೆಲವುಗಳಲ್ಲಿ ದಳದಂತೆ ಕಾಣುವುದು ನಿಜವಾಗಿ ಬಣ್ಣದ ಎಲೆ. ಆದರೂ ಸಂದೇಹ ಉಳಿದರೆ, ಕನ್ನಡಕ ಧರಿಸಿ, ಮುಖವನ್ನು ದೂರವಿಟ್ಟು, ಕಾಂಡದ ಬುಡದ ಬಳಿ ಉದ್ದನೆಯ ಸೂಜಿಯಿಂದ ಒಮ್ಮೆ ಮೆಲ್ಲನೆ ಚುಚ್ಚಿ ನೋಡಬಹುದು. ಬಿಳಿ ಹಾಲು ಉಕ್ಕಿದರೆ ಅದನ್ನು ಯುಫೋರ್ಬಿಯಾ ಎಂದೇ ಭಾವಿಸಿ ನಡೆದುಕೊಳ್ಳಬೇಕು. ಮ್ಯಾಮಿಲೇರಿಯಾ ಎಂಬ ದುಂಡನೆಯ ಕ್ಯಾಕ್ಟಸ್‌ಗಳ ಕೆಲವು ಪ್ರಭೇದಗಳಲ್ಲೂ ಹಾಲು ಇರುವುದುಂಟು, ಆದರೆ ಅವುಗಳ ಏರಿಯೋಲ್ ಸ್ಪಷ್ಟವಾಗಿ ಕಾಣುತ್ತದೆ; ಅನುಮಾನವಿದ್ದಲ್ಲಿ ಹೆಚ್ಚು ಎಚ್ಚರ ವಹಿಸಿದರೆ ನಷ್ಟವೇನಿಲ್ಲ.

ವ್ಯಾಪಾರದ ಹೆಸರುಗಳನ್ನು ನಂಬಬಾರದು. ಪೆನ್ಸಿಲ್ ಕ್ಯಾಕ್ಟಸ್ ಎಂದು ಮಾರುವುದು ಹೊಲದ ಬೇಲಿಯ ಬೊಂತೆಕಳ್ಳಿಯನ್ನೇ, ಅಂದರೆ ಯುಫೋರ್ಬಿಯಾ ತಿರುಕಳ್ಳಿಯನ್ನು. ಕೋರಲ್ ಕ್ಯಾಕ್ಟಸ್ ಎಂಬ ಅಲೆಅಲೆಯಾದ ಚೆಲುವಾದ ಗಿಡ ಒಂದು ಯುಫೋರ್ಬಿಯಾದ ಮೇಲೆ ಇನ್ನೊಂದನ್ನು ಕಸಿ ಮಾಡಿದ್ದು. ಇದಕ್ಕೆ ವಿರುದ್ಧವಾಗಿ, ಕೆಂಪು ಹಳದಿ ತಲೆಯ ಮೂನ್ ಕ್ಯಾಕ್ಟಸ್ ಮೇಲೂ ಕೆಳಗೂ ನಿಜವಾದ ಕ್ಯಾಕ್ಟಸ್; ಸಾಮಾನ್ಯವಾಗಿ ಡ್ರ್ಯಾಗನ್ ಫ್ರೂಟ್ ಜಾತಿಯ ಕಾಂಡಕ್ಕೆ ಅದನ್ನು ಕಸಿ ಕಟ್ಟಿರುತ್ತಾರೆ. ಮೊಲದ ಕಿವಿಯ ಆಕಾರದ ಬನ್ನಿ ಇಯರ್ ಕ್ಯಾಕ್ಟಸ್‌ನಲ್ಲಿ ಹಾಲಿಲ್ಲ, ಆದರೆ ಅದರ ಚುಕ್ಕೆಗಳಲ್ಲಿ ನೂರಾರು ಸೂಕ್ಷ್ಮ ಕೊಕ್ಕೆಮುಳ್ಳುಗಳಿದ್ದು, ಮುಟ್ಟಿದರೆ ಉದುರಿ ಚರ್ಮಕ್ಕೂ ಕಣ್ಣಿಗೂ ಸೇರುತ್ತವೆ. ಆದ್ದರಿಂದ ಗಿಡ ಯಾವುದೇ ಆಗಿರಲಿ, ಕುಂಡ ಬದಲಾಯಿಸುವಾಗ ಪಕ್ಕಗಳೂ ಮುಚ್ಚಿರುವ ರಕ್ಷಣಾ ಕನ್ನಡಕ ಇರಲೇಬೇಕು ಎಂಬುದು ಈಗ ನನ್ನ ದೃಢ ಅಭಿಪ್ರಾಯ. ಹಾರ್ಡ್‌ವೇರ್ ಅಂಗಡಿಗಳಲ್ಲಿ ವೆಲ್ಡಿಂಗ್, ಗ್ರೈಂಡಿಂಗ್ ಕೆಲಸದವರಿಗೆಂದು ಮಾರುವ ಪಾರದರ್ಶಕ ಕನ್ನಡಕ ಇದಕ್ಕೆ ಸಾಕು, ಬೆಲೆಯೂ ಹೆಚ್ಚಿಲ್ಲ.

ಯುಫೋರ್ಬಿಯಾದ ಕುಂಡವನ್ನು ಬದಲಾಯಿಸಲೇಬೇಕಾದರೆ ಇಬ್ಬರಿರಲಿ, ಮಕ್ಕಳೂ ಸಾಕುಪ್ರಾಣಿಗಳೂ ಹತ್ತಿರ ಸುಳಿಯದಿರಲಿ. ಚರ್ಮದ ಅಥವಾ ಬಟ್ಟೆಯ ಕೈಗವಸು ಹಾಲನ್ನು ಹೀರಿಕೊಳ್ಳುವುದರಿಂದ ಅದರ ಒಳಗೆ ರಬ್ಬರಿನದನ್ನೂ ತೊಡಬೇಕು. ಬೆವರು ಒರೆಸಲು ಆ ಕೈಯನ್ನಾಗಲಿ ತೋಳನ್ನಾಗಲಿ ಮುಖದ ಬಳಿ ತರಬಾರದು. ಹಣೆಗೆ ಮೊದಲೇ ಬಟ್ಟೆ ಕಟ್ಟಿಕೊಳ್ಳುವುದು ಒಳ್ಳೆಯದು. ಬೇರು ಕತ್ತರಿಸಿದರೂ ಹಾಲು ಬರುತ್ತದೆ ಎಂಬುದು ಹಲವರಿಗೆ ಗೊತ್ತಿಲ್ಲ. ಮುರಿದ ಜಾಗಕ್ಕೆ ತಣ್ಣೀರು ಸಿಂಪಡಿಸಿದರೆ ಸೋರಿಕೆ ಬೇಗ ನಿಲ್ಲುತ್ತದೆ. ಹೊಸ ಕುಂಡ ಹಳೆಯದಕ್ಕಿಂತ ಒಂದೆರಡು ಇಂಚು ಅಗಲವಿದ್ದರೆ ಸಾಕು, ಮಣ್ಣಿಗೆ ಒರಟು ಮರಳು ಧಾರಾಳವಾಗಿರಲಿ, ಬೇರಿನ ಗಾಯ ಒಣಗುವವರೆಗೆ ಸುಮಾರು ಒಂದು ವಾರ ನೀರು ಬೇಡ. ಕೆಲಸ ಮುಗಿದ ಮೇಲೆ ಕೈ, ಚಾಕು, ಕರಣೆ ಎಲ್ಲವನ್ನೂ ಸೋಪು ಹಾಕಿ ತೊಳೆಯಬೇಕು.

ಇಷ್ಟಾಗಿಯೂ ಹಾಲು ಕಣ್ಣಿಗೆ ಬಿದ್ದರೆ, ಉಜ್ಜದೆ, ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ತೆಗೆದು, ಹರಿಯುವ ಶುದ್ಧ ನೀರಿನಲ್ಲಿ ಕಣ್ಣು ತೆರೆದಿಟ್ಟು ಕನಿಷ್ಠ 15ರಿಂದ 20 ನಿಮಿಷ ತೊಳೆಯಬೇಕು. ನಾಲ್ಕು ಸಲ ನೀರು ಚಿಮುಕಿಸಿಕೊಂಡರೆ ಅದು ತೊಳೆದಂತಾಗುವುದಿಲ್ಲ. ನಂತರ ಉರಿ ಇಳಿದಂತೆ ಕಂಡರೂ ಅದೇ ದಿನ ನೇತ್ರವೈದ್ಯರನ್ನು ಕಾಣಬೇಕು. ಗಿಡದ ಫೋಟೊ ತೆಗೆದುಕೊಂಡು ಹೋಗಿ ಕಳ್ಳಿ ಹಾಲು ಬಿದ್ದಿದೆ ಎಂದು ಸ್ಪಷ್ಟವಾಗಿ ಹೇಳಬೇಕು. ಗುಲಾಬಿ ನೀರು, ಹರಳೆಣ್ಣೆ, ಎದೆಹಾಲು ಇವು ಯಾವುದನ್ನೂ ಹಾಕಬಾರದು. ಔಷಧಿ ಅಂಗಡಿಯಲ್ಲಿ ಕೇಳಿ ತಂದ ಹನಿಯಂತೂ ಬೇಡವೇ ಬೇಡ. ಅದರಲ್ಲಿ ಸ್ಟಿರಾಯ್ಡ್ ಇದ್ದು, ಕಾರ್ನಿಯಾಕ್ಕೆ ಸೋಂಕು ತಗಲಿದ್ದರೆ ಕಣ್ಣು ಇನ್ನಷ್ಟು ಕೆಡುತ್ತದೆ.

ಗಿಡ ಮಾರಿದ ನರ್ಸರಿಗೆ ಹೋಗಿ ನಡೆದದ್ದನ್ನು ತಿಳಿಸಿದೆವು. ಅವರು ಸೌಜನ್ಯದಿಂದಲೇ ಕೇಳಿಸಿಕೊಂಡರು, ಕೇಳಿದವರಿಗೆ ಹೇಳುತ್ತೇವೆ ಎಂದರು. ಕೇಳುವುದೇ ಗೊತ್ತಿಲ್ಲದವರಿಗೆ ಇದರಿಂದ ಏನು ಪ್ರಯೋಜನ? ಮುಂದೊಂದು ಸಲ ಆ ಕಡೆ ಹೋದಾಗಲೂ ಅದೇ ಗಿಡಗಳು ಅದೇ ಚೀಟಿಯೊಂದಿಗೆ, ಮಕ್ಕಳ ಕೈಗೆಟುಕುವ ಎತ್ತರದಲ್ಲಿ ಸಾಲಾಗಿ ನಿಂತಿದ್ದವು. “ಹಾಲು ಕಣ್ಣಿಗೆ ಅಪಾಯ” ಎಂಬ ಮೂರು ಪದಗಳನ್ನು ಚೀಟಿಯಲ್ಲಿ ಬರೆಯಲು ಖರ್ಚೇನೂ ಇಲ್ಲ. ನರ್ಸರಿ ನಡೆಸುವ ಎಲ್ಲರಲ್ಲೂ ನನ್ನ ವಿನಂತಿ ಇದೇ. ಕೊಳ್ಳುವವರೂ ಹಣ ಕೊಡುವ ಮುನ್ನ, ಇದಕ್ಕೆ ಹಾಲು ಬರುತ್ತದೆಯೇ ಎಂದು ಒಂದು ಪ್ರಶ್ನೆ ಕೇಳಲಿ.

ಮುರಿದ ಕೊಂಬೆಗಳನ್ನೂ ಕತ್ತರಿಸಿದ ಬೇರುಗಳನ್ನೂ ಹಾಗೆಯೇ ಹಸಿ ಕಸದ ಬುಟ್ಟಿಗೆ ಹಾಕಬೇಡಿ. ನಮ್ಮ ಬೀದಿಗಳಲ್ಲಿ ಪೌರಕಾರ್ಮಿಕರು ಎಷ್ಟೋ ಸಲ ಬರಿಗೈಯಲ್ಲೇ ಕಸ ವಿಂಗಡಿಸುತ್ತಾರೆ, ಅದೇ ಕೈಯಿಂದ ಮುಖದ ಬೆವರು ಒರೆಸಿಕೊಳ್ಳುತ್ತಾರೆ. ತುಂಡುಗಳ ಹಾಲು ಒಣಗುವವರೆಗೆ ಯಾರೂ ಮುಟ್ಟದ ಮೂಲೆಯಲ್ಲಿಟ್ಟು, ಹಲವು ಪದರ ಪತ್ರಿಕೆಯಲ್ಲಿ ಸುತ್ತಿ ಕಟ್ಟಿ, ಗಾಡಿ ಬಂದಾಗ ಅವರ ಕೈಗೆ ಕೊಡುವಾಗ ಒಳಗಿರುವುದು ಕಳ್ಳಿ, ಬಿಚ್ಚಬೇಡಿ ಎಂದು ಬಾಯಿಬಿಟ್ಟು ಹೇಳಿ.